ಫೈನಲ್ ಇಯರ್ ಆದಮೇಲೆ ರೇಡರ್ ಎಲ್ಲಿಗೆ?

ಬಳ್ಳಾರಿ ಸೀಮೆಯ ಡಿಗ್ರಿ ಕಾಲೇಜುಗಳಿಗೆ ಹೋದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಸಾಮಾನ್ಯವಾಗಿ ಒಂದು ಗಾಜಿನ ಬೀರು ಕಾಣುತ್ತದೆ. ಒಳಗೆ ಶೀಲ್ಡುಗಳು, ಕಪ್ಪುಗಳು. ಅಂತರ ಕಾಲೇಜು ಕಬಡ್ಡಿ, ಪ್ರಥಮ. ಖೊಖೊ, ದ್ವಿತೀಯ. ವಾಲಿಬಾಲ್, ಮತ್ತೆ ಪ್ರಥಮ. ಇಸವಿ ಕೆತ್ತಿರುತ್ತದೆ, ಕಾಲೇಜಿನ ಹೆಸರೂ ಇರುತ್ತದೆ. ಆಡಿದವರ ಹೆಸರು ಮಾತ್ರ ಇರುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಆ ಬೀರುವಿನ ಧೂಳು ಹಾರುತ್ತದೆ, ಏಕೆಂದರೆ ವಿದ್ಯಾರ್ಥಿಗಳು ಗೆದ್ದ ಪದಕಗಳನ್ನೂ ನ್ಯಾಕ್ ಲೆಕ್ಕಕ್ಕೆ ಹಿಡಿಯುತ್ತದೆ. ಶೀಲ್ಡು ತಂದುಕೊಟ್ಟ ರೇಡರ್ ಈಗ ಎಲ್ಲಿದ್ದಾನೆ ಎಂದು ಕೇಳಿದರೆ ಉತ್ತರ ಸಿಗುವುದು ಆಟ ಆಡಿಸುವ ದೈಹಿಕ ಶಿಕ್ಷಣ ನಿರ್ದೇಶಕರ, ಅಂದರೆ ಪಿ.ಡಿ. ಸರ್ ನೆನಪಿನಿಂದಲೇ ಹೊರತು ಕಡತದಿಂದಲ್ಲ. "ಅವನಾ? ಅಲ್ಲೇ ಸಿರುಗುಪ್ಪದಾಗ ಯಾವುದೋ ರೈಸ್‌ಮಿಲ್‌ನಾಗ ಲೆಕ್ಕ ಬರೀತಾನಂತ ನೋಡಪ" ಎನ್ನುವಷ್ಟಕ್ಕೆ ಅದು ಮುಗಿಯುತ್ತದೆ.

ಅವನು ಕಾಲೇಜಿಗೆ ಬಂದ ದಾರಿ ಈ ಭಾಗದವರಿಗೆ ಹೊಸದಲ್ಲ. ಸಿರುಗುಪ್ಪ ತುಂಗಭದ್ರೆಯ ನೀರಿನ ಭತ್ತದ ತಾಲ್ಲೂಕು. ಕುರುಗೋಡು ಕಡೆ ಮೆಣಸಿನಕಾಯಿಯ ಹೊಲಗಳು. ನಾಟಿ, ಕೊಯ್ಲು, ಕಾಯಿ ಬಿಡಿಸುವ ದಿನಗಳ ನಡುವೆ ಊರ ಶಾಲೆಯ ಅಂಗಳದಲ್ಲಿ ಸಂಜೆ ಹೊತ್ತು ಆಟ ಕಲಿಯುತ್ತಾನೆ. ಜಾತ್ರೆ, ಉರುಸು, ನಾಯಕರೊಬ್ಬರ ಹುಟ್ಟುಹಬ್ಬ, ಹೀಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಇಲ್ಲಿ ನೆಪಗಳಿಗೆ ಬರವಿಲ್ಲ. ಅಂಥ ಒಂದು ರಾತ್ರಿ ಸೂಪರ್ ರೇಡ್ ಹಾಕಿಬಿಟ್ಟರೆ ಮುಂದಿನ ಊರಿನವರು ಬೈಕು ಕಳಿಸಿ ಕರೆಸಿಕೊಳ್ಳುತ್ತಾರೆ. ಊಟ, ಪೆಟ್ರೋಲು, ಗೆದ್ದರೆ ಬಹುಮಾನದಲ್ಲಿ ಪಾಲು. ಪಿಯುಸಿ ಮುಗಿಯುವ ಹೊತ್ತಿಗೆ ಯಾವುದೋ ಕಾಲೇಜಿನ ಪಿ.ಡಿ. ಸರ್ ಕಣ್ಣಿಗೆ ಬೀಳುತ್ತಾನೆ. "ನಮ್ಮಲ್ಲಿಗೆ ಬಾ, ಹಾಸ್ಟೆಲ್ ನಾನು ನೋಡ್ಕೊಂತೀನಿ" ಎಂಬ ಮಾತು ಸಿಗುತ್ತದೆ. ಅಲ್ಲಿಂದ ಮೂರು ವರ್ಷ ಅವನು ಕಾಲೇಜಿನ ಆಸ್ತಿ.

ಈ ಹುಡುಗರಿಗೆ ಹಿಂದಿನವರಿಗಿಲ್ಲದ ಒಂದು ಅನುಕೂಲ ಇದೆ. 1980ರಲ್ಲಿ ಹುಟ್ಟಿದ ಗುಲ್ಬರ್ಗ ವಿಶ್ವವಿದ್ಯಾಲಯದ ಅಡಿಯಲ್ಲಿ ಬಳ್ಳಾರಿಯ ಕಾಲೇಜುಗಳಿದ್ದಾಗ ವಿವಿಯ ಕೆಲಸ ಅಂದರೆ ಕಲಬುರಗಿಯ ದೂರದ ದಾರಿ. ಸಿರುಗುಪ್ಪದ ಹಳ್ಳಿಯ ಹುಡುಗನಿಗೆ ಆ ಬಸ್ ಚಾರ್ಜೇ ಒಂದು ಸುತ್ತಿನ ಆಯ್ಕೆ ಪರೀಕ್ಷೆ. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆದಮೇಲೆ ವಿವಿ ಮನೆ ಬಾಗಿಲಿಗೆ ಬಂತು. ವೀರಶೈವ ಕಾಲೇಜು, ಸರಳಾದೇವಿ ಕಾಲೇಜುಗಳಂಥ ನಗರದ ದೊಡ್ಡ ಕಾಲೇಜುಗಳ ಜೊತೆಗೆ ತಾಲ್ಲೂಕು ಊರುಗಳ ಸರ್ಕಾರಿ ಕಾಲೇಜಿನವರಿಗೂ ಯೂನಿವರ್ಸಿಟಿ ಬ್ಲೂ, ಅಂದರೆ ವಿವಿ ತಂಡದ ಆಟಗಾರ ಆಗುವ ಆಸೆ ಎಟುಕುವಷ್ಟು ಹತ್ತಿರವಾಯಿತು. ಬ್ಲೂ ಆದವನು ದಕ್ಷಿಣ ವಲಯ ಅಂತರ ವಿವಿ ಪಂದ್ಯಕ್ಕೆ ಹೋಗುತ್ತಾನೆ. ಬೆನ್ನ ಮೇಲೆ ವಿಶ್ವವಿದ್ಯಾಲಯದ ಹೆಸರಿರುವ ಟ್ರ್ಯಾಕ್‌ಸೂಟ್ ಬರುತ್ತದೆ. ಊರಲ್ಲಿ ಅದನ್ನು ಮದುವೆ ಮನೆಗೂ ಹಾಕಿಕೊಂಡು ಹೋಗುವವರಿದ್ದಾರೆ, ಹೋಗಲಿ ಬಿಡಿ, ಅಷ್ಟು ಸಂಭ್ರಮ ಅವರಿಗೆ ಸಲ್ಲಬೇಕಾದದ್ದೇ.

ಪ್ರಶ್ನೆ ಇರುವುದು ಆ ಟ್ರ್ಯಾಕ್‌ಸೂಟ್ ಹಳತಾದ ಮೇಲಿನ ವರ್ಷಗಳ ಬಗ್ಗೆ.

ಇದೇ ವಯಸ್ಸಿನ ಆಟಗಾರನನ್ನು ಅಮೆರಿಕ ಹೇಗೆ ನಡೆಸಿಕೊಂಡಿತು ಎಂಬುದನ್ನು ಒಮ್ಮೆ ನೋಡಬಹುದು. ಅಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆದು ಆಡುವ ಆಟ. ಅದರಲ್ಲಿ ತಂಡದ ಸೂತ್ರ ಹಿಡಿದು ಪ್ರತಿ ದಾಳಿಯನ್ನು ಶುರುಮಾಡುವವನು ಕ್ವಾರ್ಟರ್‌ಬ್ಯಾಕ್. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು, ಅದೂ ಕಾಲೇಜು ಹುಡುಗರ ಪಂದ್ಯಕ್ಕೆ. ಟಿ.ವಿ. ಹಕ್ಕಿನಿಂದ ಬರುವ ಹಣ ಅಪಾರ. ಅಷ್ಟಿದ್ದೂ ಅಲ್ಲಿಯ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ತಾನೇ ಕೊಡುವ ಅಂದಾಜಿನಂತೆ, ಕಾಲೇಜು ಮುಗಿಸಿ ವೃತ್ತಿಪರ ಲೀಗಿನ ಆಯ್ಕೆಗೆ ಅರ್ಹರಾಗುವ ಫುಟ್‌ಬಾಲ್ ಆಟಗಾರರಲ್ಲಿ ಅಲ್ಲಿ ಸೇರುವವರು ಶೇ 2ಕ್ಕಿಂತ ಕಡಿಮೆ. ಕರ್ಟ್ ವಾರ್ನರ್ ಎಂಬ ಕ್ವಾರ್ಟರ್‌ಬ್ಯಾಕ್ ಕಾಲೇಜು ಮುಗಿಸಿ, 1994ರಲ್ಲಿ ವೃತ್ತಿಪರ ತಂಡವೊಂದರಿಂದ ಹೊರಬಿದ್ದು, ಐಯೋವಾದ ಸೂಪರ್ ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿದ. 2000ದ ಜನವರಿಯಲ್ಲಿ ಅದೇ ಮನುಷ್ಯ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದ ನಾಯಕ ಆಟಗಾರ. ಆ ಕಥೆ ಸಿನಿಮಾ ಆಯಿತು. ಅಂಗಡಿಯಲ್ಲೇ ಉಳಿದುಹೋದವರ ಕಥೆಗೆ ನಿರ್ಮಾಪಕರು ಸಿಗಲಿಲ್ಲ.

ಬಳ್ಳಾರಿಗೆ ಹೆಚ್ಚು ಹತ್ತಿರದ ಕಥೆ ಮಾತ್ರ ಕೇನ್ ಕೋಲ್ಟರ್‌ನದು. ಶಿಕಾಗೋ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಈತ. ಡಾಕ್ಟರ್ ಆಗುವ ಮನಸ್ಸಿತ್ತು. ಬೆಳಗಿನ ತರಬೇತಿಗೂ ರಸಾಯನಶಾಸ್ತ್ರದ ತರಗತಿಗೂ ಸಮಯ ಹೊಂದಲಿಲ್ಲ, ಕೊನೆಗೆ ಬೇರೆ ವಿಷಯ ಓದಬೇಕಾಯಿತು ಎಂದು ಕಾರ್ಮಿಕ ಮಂಡಳಿಯ ಮುಂದೆ ಸಾಕ್ಷ್ಯ ಹೇಳಿದ. ತಂಡದವರನ್ನು ಸೇರಿಸಿ ಕಾರ್ಮಿಕ ಸಂಘ ಕಟ್ಟಲು ಹೊರಟಿದ್ದ. 2014ರ ಮಾರ್ಚ್‌ನಲ್ಲಿ ಮಂಡಳಿಯ ಶಿಕಾಗೋ ಅಧಿಕಾರಿ ಈ ಆಟಗಾರರು ವಿಶ್ವವಿದ್ಯಾಲಯದ ನೌಕರರೇ ಎಂದು ತೀರ್ಪಿತ್ತರು. ಮರುವರ್ಷ ಆಗಸ್ಟ್‌ನಲ್ಲಿ ಮೇಲಿನ ಮಂಡಳಿ, ಇದು ತನ್ನ ವ್ಯಾಪ್ತಿಗೆ ಬೇಡ ಎಂದು ಕೈತೊಳೆದುಕೊಂಡಿತು. ಕೋಲ್ಟರ್ ಸೋತ, ವೃತ್ತಿಪರ ಲೀಗಿನಲ್ಲೂ ಅವನಿಗೆ ನೆಲೆ ಸಿಗಲಿಲ್ಲ. ಆದರೆ ವಾದ ನಿಲ್ಲಲಿಲ್ಲ. 2021ರ ಜುಲೈನಿಂದ ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಆದಾಯದಲ್ಲಿ ಆಟಗಾರರಿಗೆ ನೇರ ಪಾಲು ಕೊಡಬಹುದು, ಮೊದಲ ವರ್ಷದ ಮಿತಿ ಒಂದೊಂದು ವಿವಿಗೆ ಸುಮಾರು 2 ಕೋಟಿ ಡಾಲರ್.

ಇಲ್ಲಿ ಆ ಹಣ ಇಲ್ಲ, ಬರುವುದೂ ಇಲ್ಲ. ನಮ್ಮ ಅಂತರ ಕಾಲೇಜು ಪಂದ್ಯಕ್ಕೆ ಟಿಕೆಟ್ ಇಲ್ಲ, ಟಿ.ವಿ. ಇಲ್ಲ. ಎಷ್ಟೋ ಕಡೆ ಶಾಮಿಯಾನವೂ ಇಲ್ಲ, ಬಳ್ಳಾರಿ ಬಿಸಿಲಲ್ಲಿ ಬೇವಿನ ಮರವೇ ಪೆವಿಲಿಯನ್. ಪಾಲು ಕೇಳಲು ಆದಾಯವೇ ಇಲ್ಲ ಎಂದಮೇಲೆ ಕೋಲ್ಟರ್‌ನ ಮೊದಲ ದೂರು ನಮಗೆ ಮುಖ್ಯವಾಗುತ್ತದೆ: ಆಟ ಅವನ ಓದನ್ನು ತಿಂದಿತು, ತಿನ್ನಿಸಿದವರು ಅದಕ್ಕೆ ಬದಲಿ ಏನೂ ಕೊಡಲಿಲ್ಲ. ಸಿರುಗುಪ್ಪದ ರೇಡರ್‌ನ ದೂರೂ ಅದೇ. ಅವನು ಹೇಳಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.

"ಪ್ರೊ ಕಬಡ್ಡಿ ಇದೆಯಲ್ಲ" ಎಂಬ ಮಾತು ತಕ್ಷಣ ಬರುತ್ತದೆ. 2014ರ ಜುಲೈನಲ್ಲಿ ಶುರುವಾದ ಆ ಲೀಗ್ ಕಬಡ್ಡಿಗೆ ಮರ್ಯಾದೆ ತಂದದ್ದು ನಿಜ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷ ದಾಟಿದಾಗ ನಮ್ಮ ಹಳ್ಳಿ ಹುಡುಗರ ಮೊಬೈಲ್‌ಗಳಲ್ಲೂ ಆ ಸುದ್ದಿ ಓಡಾಡಿತು. ಲೆಕ್ಕ ಹಾಕಿದರೆ ಲೀಗಿನಲ್ಲಿರುವುದು 12 ತಂಡ, ತಂಡಕ್ಕೆ ಹೆಚ್ಚೆಂದರೆ 25 ಆಟಗಾರರು. ಇರಾನಿನವರೂ ಸೇರಿ ಇಡೀ ದೇಶಕ್ಕೆ 300 ಜಾಗ. ಅಂಥ ಪವನ್ ಕೂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದ್ದು ರೈಲ್ವೆ ತಂಡದ ಪರ. ಆಟಗಾರರ ಮನೆಗಳಲ್ಲಿ ಇಂದಿಗೂ ನೌಕರಿಯ ಮಾತೇ ಮೊದಲು ಬರುತ್ತದೆ.

ಆ ನೌಕರಿಗೆ ಕರ್ನಾಟಕದಲ್ಲಿ ಒಂದು ಕಾಲಕ್ಕೆ ಸರಿಯಾದ ದಾರಿಯಿತ್ತು. ಬೆಂಗಳೂರಿನ ಐಟಿಐ, ಎಚ್‌ಎಎಲ್, ಬಿಇಎಂಎಲ್ ಕಾರ್ಖಾನೆಗಳು ತಂಡ ಕಟ್ಟಲೆಂದೇ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಫುಟ್‌ಬಾಲ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಕಪ್ ಎತ್ತಿದ್ದು ಟೆಲಿಫೋನ್ ತಯಾರಿಸುತ್ತಿದ್ದ ಐಟಿಐನ ತಂಡ! ಬ್ಯಾಂಕುಗಳೂ ಹಾಗೆಯೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಕನ್ನಡ ನೆಲದ ಹೆಸರುಗಳ ಕೌಂಟರ್‌ಗಳ ಹಿಂದೆ ಎಷ್ಟೋ ಆಟಗಾರರು ಕೂತಿದ್ದರು. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನದ ತನಕ ಕೆಲಸ, ಆಟ ಮುಗಿದ ಮೇಲೂ ಪಿಂಚಣಿಯ ತನಕ ಕುರ್ಚಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಒಳಗೆ ಕರಗಿತು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿದವು. ವಿಲೀನದ ಚರ್ಚೆಯಲ್ಲಿ ಬ್ರಾಂಚುಗಳ ಬಗ್ಗೆ, ಐಎಫ್‌ಎಸ್‌ಸಿ ಕೋಡ್‌ಗಳ ಬಗ್ಗೆ ಬೇಕಾದಷ್ಟು ಮಾತಾಯಿತು. ಆಟಗಾರರಿಗಿದ್ದ ಬಾಗಿಲುಗಳು ಕಡಿಮೆಯಾಗುತ್ತಿವೆ ಎಂದು ಹೇಳಿದವರು ವಿರಳ.

ಹಾಗೆಂದು ಆಟಕ್ಕೆ ಬರ ಬಂದಿಲ್ಲ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಅದೇ ತಂಡಗಳ ಮಹಾರಾಷ್ಟ್ರದ ಆಟಗಾರರಿಗೆ ಅಲ್ಲಿಯ ಸರ್ಕಾರ ತಲಾ 2.25 ಕೋಟಿಯ ಜೊತೆ ನೌಕರಿಯ ಮಾತು ಕೊಟ್ಟಿತ್ತು. ಗೌತಮ್, ಚೈತ್ರಾ ಇಬ್ಬರೂ 5 ಲಕ್ಷ ಬೇಡವೆಂದರು. ಅಹಂಕಾರ ಎಂದು ಟೀಕಿಸಿದವರೂ ಇದ್ದರು. ಅವರು ಕೇಳಿದ್ದು ಹಣದ ಜೊತೆಗೆ ಕೆಲಸ ಎಂಬುದನ್ನು ಟೀಕಾಕಾರರು ಗಮನಿಸಲಿಲ್ಲ. ವಿಶ್ವಕಪ್ ಗೆದ್ದವರಿಗೇ ಇಷ್ಟು ಅನಿಶ್ಚಯ ಇರುವಾಗ ಕುರುಗೋಡಿನ ಯೂನಿವರ್ಸಿಟಿ ಬ್ಲೂ ಲೆಕ್ಕಕ್ಕೇ ಬರುವುದಿಲ್ಲ.

ಉಳಿದ ದೊಡ್ಡ ಬಾಗಿಲು ಪೊಲೀಸ್ ಇಲಾಖೆಯದು. ಈ ಭಾಗದಲ್ಲಿ ಆಟ ಆಡುವ ಹುಡುಗನನ್ನು ಮುಂದೇನು ಎಂದು ಕೇಳಿದರೆ "ಪಿ.ಸಿ. ಅಥವಾ ಪಿಎಸ್‌ಐ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸುವುದು, ಉದ್ದ ಜಿಗಿತ, ಗುಂಡು ಎಸೆತ ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ತೊಡಕೆಂದರೆ, ಕಾನ್‌ಸ್ಟೆಬಲ್ ನೇಮಕದಲ್ಲಿ ಮೊದಲು ಬರುವುದು ಲಿಖಿತ ಪರೀಕ್ಷೆ. ಅದರಲ್ಲಿ ಅಂಕ ಬಂದವರನ್ನಷ್ಟೇ ಮೈದಾನಕ್ಕೆ ಕರೆಯುತ್ತಾರೆ. ಓಡಿ ತೋರಿಸುವ ಅವಕಾಶವೇ ಸಿಗದೆ ಓಟಗಾರ ಹೊರಬೀಳುತ್ತಾನೆ. ಏಕೆಂದರೆ ಮೂರು ವರ್ಷ ಸೆಪ್ಟೆಂಬರಿನಿಂದ ಫೆಬ್ರುವರಿ ತನಕ ಅವನು ಕ್ಲಾಸಿನಲ್ಲಿ ಇದ್ದದ್ದೇ ಕಡಿಮೆ. ಹಾಜರಾತಿ ಹಾಕಿಸಿದವರು ಇದ್ದರು, ಪಾಠ ಹೇಳಿಸಿದವರು ಇರಲಿಲ್ಲ. ಹೀಗೆ ಹೊರಬಿದ್ದವನಿಗೆ ಬಳ್ಳಾರಿಯ ಜೀನ್ಸ್ ಘಟಕ, ತೋರಣಗಲ್ಲಿನ ಕಾರ್ಖಾನೆಯ ಗುತ್ತಿಗೆ ಕೆಲಸ, ಊರಿನ ಟ್ರ್ಯಾಕ್ಟರ್ ಅಥವಾ ನಗರದ ಯಾವುದೋ ಜಿಮ್ ಕಾಯುತ್ತಿರುತ್ತದೆ. ಯಾವ ಕೆಲಸವೂ ಕೀಳಲ್ಲ. ಆದರೆ ಅವನ ಆಟಕ್ಕೂ ಆ ಕೆಲಸಕ್ಕೂ ನಂಟೇ ಇಲ್ಲ. ಮನೆಯಲ್ಲಿ ಅಪ್ಪನ ಪ್ರಶ್ನೆ ಬೇರೆ: "ಕಬಡ್ಡಿ ಆಡಿ ಏನ್ ಗಳಿಸಿದಿ?"

ಈ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರದ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ಸಿ ಗುಂಪಿನ ನೇರ ನೇಮಕಾತಿಯಲ್ಲಿ ಶೇ 5ರ ತನಕ ಹುದ್ದೆಗಳನ್ನು ಕ್ರೀಡಾಪಟುಗಳಿಂದ ತುಂಬಬಹುದು. ಅರ್ಹರ ಪಟ್ಟಿಯಲ್ಲಿ ದೇಶ, ರಾಜ್ಯ ಪ್ರತಿನಿಧಿಸಿದವರ ಜೊತೆಗೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತಮ್ಮ ವಿವಿಯನ್ನು ಪ್ರತಿನಿಧಿಸಿದವರೂ ಇದ್ದಾರೆ. 2020ರಲ್ಲಿ ಈ ಸೌಲಭ್ಯವಿರುವ ಆಟಗಳ ಸಂಖ್ಯೆ 43ರಿಂದ 63ಕ್ಕೆ ಏರಿತು. ಇದಕ್ಕೆ ಬೇಕಾದದ್ದು ಫಾರಂ 3 ಎಂಬ ಒಂದು ಹಾಳೆ, ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿ. ಪಂದ್ಯ ಮುಗಿದಾಗ ಕೈಗೆ ಸಿಗುವ ಬಣ್ಣಬಣ್ಣದ ಪ್ರಮಾಣಪತ್ರ ಬೇರೆ, ಈ ಫಾರಂ ಬೇರೆ. ಮೊದಲನೆಯದನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕುತ್ತಾರೆ. ಎರಡನೆಯದನ್ನು ಕೇಳಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅಧಿಸೂಚನೆ ಬಂದಾಗ ಓಡಾಟ ಶುರುವಾಗುತ್ತದೆ, ಆ ಹೊತ್ತಿಗೆ ತಂಡದ ಪಟ್ಟಿ ಯಾವ ಕಪಾಟಿನಲ್ಲಿದೆಯೋ. ರೈಲ್ವೆಯಂಥ ಕಡೆ ಬರೀ ಭಾಗವಹಿಸಿದ್ದು ಸಾಲದು, ಸ್ಥಾನ ಕೇಳುತ್ತಾರೆ, ಟ್ರಯಲ್ಸ್ ಇರುತ್ತದೆ. ಆದರೂ ಪ್ರಯತ್ನಕ್ಕೆ ಕೂರುವ ಅರ್ಹತೆಯನ್ನೇ ಕಾಗದದ ಕೊರತೆಯಿಂದ ಕಳೆದುಕೊಳ್ಳುವುದು ಯಾವ ನ್ಯಾಯ?

ಹುಡುಗಿಯರ ವಿಷಯದಲ್ಲಿ ಸಮಯ ಇನ್ನೂ ಬಿಗಿ. ಕಾರ್ಕಳದ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿ ಆಡಿದ್ದು ರೈಲ್ವೆಯ ನೌಕರಿ ಬೆನ್ನಿಗಿದ್ದಾಗ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದ ತಂಡದ ಉಷಾರಾಣಿ ಕರ್ನಾಟಕ ಪೊಲೀಸ್‌ನವರು. ಸಂಬಳ ಇದ್ದರೆ ಹುಡುಗಿ ಆಡುವುದನ್ನು ಮನೆ ಒಪ್ಪುತ್ತದೆ, ಇಲ್ಲದಿದ್ದರೆ ಫೈನಲ್ ಇಯರ್ ಪರೀಕ್ಷೆಯ ಮುಂಚೆಯೇ ಗಂಡು ನೋಡುವ ಶಾಸ್ತ್ರ ಆಗಿರುತ್ತದೆ. ಸಿರುಗುಪ್ಪ, ಕುರುಗೋಡು ತಾಲ್ಲೂಕಿನ ಹಳ್ಳಿಗಳಿಂದ ಬಂದು ಖೊಖೊದಲ್ಲಿ ವಿವಿ ತಂಡದ ತನಕ ಏರುವ ಹುಡುಗಿಗೆ 21ರ ಆಸುಪಾಸಿನ ಎರಡು ವರ್ಷ ಕೈಹಿಡಿದವರಿದ್ದರೆ ಅವಳು ಉಳಿಯುತ್ತಾಳೆ. ಹುಡುಗ ಇನ್ನೊಂದು ವರ್ಷ ಕಾದಾನು, ಅವಳಿಗೆ ಕಾಯಲು ಬಿಡುವುದಿಲ್ಲ.

ಜಿಲ್ಲೆಯಲ್ಲಿ ಕ್ರೀಡೆಗೆ ಸೌಲಭ್ಯವೇ ಇಲ್ಲವೆಂದು ಹೇಳುವ ಹಾಗಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿಯ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಿಂದ ಜೆಎಸ್‌ಡಬ್ಲ್ಯೂ ಬೆಂಬಲದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಡೆಯುತ್ತಿದೆ. ದೇಶದ ಅತ್ಯುತ್ತಮ ತರಬೇತಿ ಕೇಂದ್ರಗಳಲ್ಲಿ ಒಂದು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ನಂಥ ಒಲಿಂಪಿಕ್ ಆಟಗಳು ಅದರ ಗುರಿ. ಚಿಕ್ಕ ವಯಸ್ಸಿನವರನ್ನು ದೇಶದ ಮೂಲೆಮೂಲೆಯಿಂದ ಆರಿಸಿ ತರುತ್ತದೆ. ಅದು ಅದರ ಕೆಲಸ, ಚೆನ್ನಾಗಿಯೇ ಮಾಡುತ್ತಿದೆ. ಇಪ್ಪತ್ತೊಂದರ ಕಬಡ್ಡಿ ಹುಡುಗನ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕುವುದು ತಪ್ಪು. ಉತ್ತರ ಇರಬೇಕಾದದ್ದು ಅವನನ್ನು ಆಡಿಸಿದ ಕಾಲೇಜಿನಲ್ಲಿ, ವಿವಿಯಲ್ಲಿ, ಅವನ ಊರಿನ ಶಾಲೆಯಲ್ಲಿ.

ಊರಿನ ಶಾಲೆಯ ಮಾತು ಸುಮ್ಮನೆ ಬಂದದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ಕಾರ್ಯಶಿಕ್ಷಣಕ್ಕೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎನ್ನುತ್ತದೆ. ಎಷ್ಟು ಹಳ್ಳಿ ಶಾಲೆಗಳಲ್ಲಿ ಇದ್ದಾರೆ ಎಂಬುದನ್ನು ಮಕ್ಕಳನ್ನು ಕೇಳಿದರೂ ತಿಳಿಯುತ್ತದೆ. ಆಟದ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ಸೀಟಿ ಊದುವುದು ಹೊಸದೇನಲ್ಲ. ಅದೇ ಊರಿನಲ್ಲಿ ವಿವಿ ತಂಡಕ್ಕೆ ಆಡಿದ ಹುಡುಗ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿರುತ್ತಾನೆ. ಆ ಶಾಲೆಯನ್ನೂ ಈ ಹುಡುಗನನ್ನೂ ಕೂಡಿಸಲು ಹೊಸ ಕಾನೂನು ಬೇಡ. ಹಣದ ಮಾತಾದರೆ, ಸಂವಿಧಾನದ 371 ಜೆ ವಿಧಿಯ ವ್ಯಾಪ್ತಿಯ, ಬಳ್ಳಾರಿಯೂ ಸೇರಿದ ಜಿಲ್ಲೆಗಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರಿಂದ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ಅದರಲ್ಲಿ ಸಿರುಗುಪ್ಪ, ಕುರುಗೋಡು ತಾಲ್ಲೂಕಿನ ಶಾಲೆಗಳ ಅರೆಕಾಲಿಕ ಆಟದ ಬೋಧಕರ ಸಂಬಳ ಎಷ್ಟರ ಬಾಬತ್ತು? ಎರಡು ವರ್ಷ ಹೀಗೆ ಮಕ್ಕಳಿಗೆ ಆಟ ಹೇಳಿಕೊಡುತ್ತಲೇ ಹುಡುಗ ಪರೀಕ್ಷೆಗೆ ಓದಿಕೊಳ್ಳಬಹುದು, ಬಿ.ಪಿ.ಎಡ್.ಗೆ ದುಡ್ಡು ಕೂಡಿಸಬಹುದು, ಪಟಿಯಾಲದ ಎನ್‌ಐಎಸ್ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ಬಿ.ಸಿ. ರಮೇಶ್ ಅವರಂತೆ ಅರ್ಜುನ ಪ್ರಶಸ್ತಿ ಪಡೆದು, ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರಲ್ಲಿ ಪುಣೇರಿ ಪಲ್ಟನ್‌ಗೂ ಪ್ರೊ ಕಬಡ್ಡಿ ಕಪ್ ಗೆಲ್ಲಿಸುವ ಭಾಗ್ಯ ಎಲ್ಲರಿಗೂ ಬಾರದು. ಊರಿನ ನಲವತ್ತು ಮಕ್ಕಳಿಗೆ ಕಾಲು ಹಿಡಿಯುವುದನ್ನು ಸರಿಯಾಗಿ ಕಲಿಸುವ ಕೋಚ್ ಆಗುವುದು ಬಹಳ ಜನಕ್ಕೆ ಸಾಧ್ಯ.

"ಆಟ ಬೇಕೆಂದವರು ಆಡಲಿ, ಓದು ಬೇಕೆಂದವರು ಓದಲಿ, ಕಾಲೇಜಿಗೆ ಏಕೆ ಈ ಹೊರೆ" ಎನ್ನುವ ಅಧ್ಯಾಪಕರು ಇದ್ದಾರೆ. ಅವರ ಮಾತಲ್ಲಿ ಅರ್ಧ ಸತ್ಯವಿದೆ. ಹುಡುಗನನ್ನು ಯಾರೂ ಬಲವಂತ ಮಾಡಲಿಲ್ಲ, ಆಟ ಅವನ ಇಷ್ಟ. ಆದರೆ ಸೆಮಿಸ್ಟರ್ ನಡುವೆ ಕರೆದೊಯ್ದದ್ದು ಕಾಲೇಜು, ಪದಕವನ್ನು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚು ಹಾಕಿದ್ದು ಕಾಲೇಜು, ಅದರ ಅಂಕವನ್ನು ನ್ಯಾಕ್‌ನಿಂದ ಪಡೆದದ್ದೂ ಕಾಲೇಜೇ. ಪಂದ್ಯದ ತಿಂಗಳುಗಳು ಕಳೆದ ಮೇಲೆ ಮಾರ್ಚ್‌ನಲ್ಲಿ ತಪ್ಪಿದ ಪಾಠಗಳಿಗೆ ಸಂಜೆ ಒಂದು ಗಂಟೆ ಕೂರಿಸುವುದು, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಯಲ್ಲಿ ತಂಡದವರಿಗೆ ಮೊದಲ ಬೆಂಚು ಕೊಡುವುದು, ಇಷ್ಟಕ್ಕೆ ಸರ್ಕಾರದ ಸುತ್ತೋಲೆಗೂ ಕಾಯಬೇಕಿಲ್ಲ. ನಗರದ ಕೆಲವು ಪಿ.ಡಿ.ಗಳು ತಮ್ಮ ಪಾಡಿಗೆ ತಾವು ಇದನ್ನು ಮಾಡುತ್ತಲೇ ಬಂದಿದ್ದಾರೆ. ಅವರು ನಿವೃತ್ತರಾದ ದಿನ ಅದೂ ನಿಂತುಹೋಗುತ್ತದೆ ಎಂಬುದೇ ತಕರಾರು.

ವಿವಿಯ ಅಂತರ ಕಾಲೇಜು ವೇಳಾಪಟ್ಟಿ ಪ್ರತಿ ವರ್ಷ ಹೊರಬರುತ್ತದೆ, ಯಾವ ಪಂದ್ಯ ಯಾವ ಕಾಲೇಜಿನಲ್ಲಿ, ಎಂದು, ಎಷ್ಟು ಜನರ ತಂಡ ಎಂಬ ವಿವರಗಳೊಂದಿಗೆ. ಅದರ ಬೆನ್ನಿಗೇ, ಹಿಂದಿನ ವರ್ಷ ವಿವಿ ತಂಡದಲ್ಲಿದ್ದು ಡಿಗ್ರಿ ಮುಗಿಸಿದವರ ಇನ್ನೊಂದು ಪಟ್ಟಿಯನ್ನು ಹಾಕಬಹುದು. ಯಾರ ಫಾರಂ 3 ಸಹಿಯಾಗಿದೆ, ಯಾರದು ಬಾಕಿ, ಯಾರು ಬಿ.ಪಿ.ಎಡ್. ಸೇರಿದರು, ಯಾರ ವಿಳಾಸವೇ ಇಲ್ಲ. ಮೊದಲ ವರ್ಷ ಆ ಪಟ್ಟಿಯ ಬಹುಪಾಲು ಖಾಲಿ ಇರಬಹುದು, ಆದರೂ ಪ್ರಕಟಿಸಲಿ.